ಹುಟ್ಟು ಹಿಡಿದವರ ದಾರಿಯಲ್ಲಿ ಎಂಟು ದಿನ

ಮೊದಲ ದಿನ, ಸೆಪ್ಟೆಂಬರ್ 25: ಗ್ವೆಲ್ಫ್

ಕೆನಡದ ಟೊರೊಂಟೊದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನಷ್ಟು ಹೋದರೆ ಗ್ವೆಲ್ಫ್ ಸಿಗುತ್ತದೆ. ಹೆದ್ದಾರಿಯ ಗದ್ದಲ ಇನ್ನೂ ಕಿವಿಯಲ್ಲಿರುವಾಗಲೇ, ಊರಿನ ಅಂಚಿನಲ್ಲಿ ಸುಮಾರು 600 ಎಕರೆಯ ಹೊಲ, ಕಾಡು ಮತ್ತು ಜವುಗು ಒಟ್ಟಾಗಿ ಕಣ್ಣಿಗೆ ಬೀಳುತ್ತವೆ. ಜೆಸ್ವಿಟರು ಎಂದು ಲೋಕ ಕರೆಯುವ, ಕ್ಯಾಥೊಲಿಕ್ ಸನ್ಯಾಸಿ ಸಂಘವಾದ ಯೇಸುಸಭೆಯ ಇಗ್ನೇಷಿಯಸ್ ಕೇಂದ್ರವಿರುವುದು ಇಲ್ಲಿ. ಸಭೆಗೆ ಹೊಸದಾಗಿ ಸೇರಿದ ಯುವಕರ ತರಬೇತಿಗೆಂದು 1913ರಲ್ಲಿ ಇಲ್ಲೊಂದು ಮಠ ಆರಂಭವಾಯಿತು. ಆ ಯುವಕರು ಉಣ್ಣುವುದಕ್ಕಾಗಿಯೇ ಬೇಸಾಯವೂ ನಡೆಯಿತು. ತರಬೇತಿ ಇಲ್ಲಿಂದ ಹೋಗಿ ಎಷ್ಟೋ ವರ್ಷಗಳಾದರೂ ಬೇಸಾಯ ಮಾತ್ರ ಉಳಿದುಕೊಂಡಿದೆ. ಈಗ ರಾಸಾಯನಿಕವಿಲ್ಲದೆ ತರಕಾರಿ ಬೆಳೆಯುತ್ತಾರೆ, ಋತುವಿನ ಆರಂಭದಲ್ಲೇ ಪಾಲುಹಣ ಕೊಟ್ಟ ಊರಿನ ಮನೆಗಳವರು ವಾರವಾರ ಬಂದು ತಮ್ಮ ಬುಟ್ಟಿಯನ್ನು ತುಂಬಿಕೊಂಡು ಹೋಗುತ್ತಾರೆ. ಮಳೆ ಕೈಕೊಟ್ಟರೆ ನಷ್ಟ ರೈತನೊಬ್ಬನ ತಲೆಗೇ ಬೀಳದೆ ಪಾಲುದಾರರೆಲ್ಲರಿಗೂ ಹಂಚಿಹೋಗುವುದು ಈ ಏರ್ಪಾಟಿನ ತಿರುಳು.

ನಾನು ಕ್ರೈಸ್ತನಲ್ಲ. ಪಾದ್ರಿಗಳು ಕಾಡು ಬೆಳೆಸುತ್ತಿದ್ದಾರೆ ಎಂಬ ಮಾತು ಕೇಳಿ ಕುತೂಹಲದಿಂದ ಹೊರಟವನು. ಕಾರು ಟೊರೊಂಟೊದಲ್ಲಿ ನೆಲೆಸಿರುವ ಹಳೆಯ ಗೆಳೆಯರೊಬ್ಬರದ್ದು, ದಾರಿಯ ಪಟ್ಟಿ ನನ್ನದು. ರಾತ್ರಿ ಊಟದ ಮನೆಯಲ್ಲಿ ಮಾತಿರಲಿಲ್ಲ, ಏಕೆಂದರೆ ಪಕ್ಕದ ಲೊಯೋಲ ಹೌಸಿಗೆ ಮೌನಧ್ಯಾನಕ್ಕೆ ಬಂದವರು ದಿನಗಟ್ಟಲೆ ಮಾತಾಡದೆ ಇರುತ್ತಾರೆ. ಉಪ್ಪು ಬೇಕೆಂದು ಕಣ್ಣಿನಲ್ಲೇ ಕೇಳುವುದನ್ನು ನಾವಿಬ್ಬರೂ ಒಂದೇ ಊಟದಲ್ಲಿ ಕಲಿತೆವು.

ಎರಡನೆಯ ದಿನ, ಸೆಪ್ಟೆಂಬರ್ 26: ಐನೂರು ವರ್ಷದ ಲೆಕ್ಕ

ಬೆಳಿಗ್ಗೆ ನಮ್ಮನ್ನು ಕಾಡಿಗೆ ಕರೆದೊಯ್ದವರು ಅಲ್ಲಿ ಸ್ವಯಂಸೇವೆ ಮಾಡುವ ಒಬ್ಬ ನಿವೃತ್ತ ಮಹಿಳೆ. ಈ ಜಾಗದ 93 ಎಕರೆಯನ್ನು ಮತ್ತೆ ಹಳೆಯ ಕಾಡಾಗಿ ಮಾಡುವ ಕೆಲಸ 2006ರಲ್ಲಿ ಶುರುವಾಯಿತು. ಅದಕ್ಕೆ ಇಟ್ಟುಕೊಂಡಿರುವ ಅವಧಿ ಐನೂರು ವರ್ಷ. ಅಂಕಿ ತಪ್ಪಾಗಿ ಕೇಳಿಸಿತೆಂದು ಭಾವಿಸಿ ನಾನು ಮತ್ತೊಮ್ಮೆ ಕೇಳಿದೆ. ಆಕೆ ನಕ್ಕು, ಬಂದವರೆಲ್ಲ ಇದನ್ನು ಎರಡು ಸಲ ಕೇಳುತ್ತಾರೆ ಎಂದರು.

ಹಳೆಯ ಕಾಡು ಎಂದರೆ ದೊಡ್ಡ ಮರಗಳಿರುವ ಕಾಡು ಎಂದಷ್ಟೇ ತಿಳಿದಿದ್ದ ನನಗೆ ಅಂದು ಒಂದು ಪಾಠವಾಯಿತು. ಅಲ್ಲಿ ಎಲ್ಲ ವಯಸ್ಸಿನ ಮರಗಳೂ ಇರಬೇಕು, ನಿಂತಲ್ಲೇ ಸತ್ತ ಮರಗಳಿರಬೇಕು, ಬಿದ್ದು ಕೊಳೆಯುತ್ತಿರುವ ಬೊಡ್ಡೆಗಳ ಮೇಲೆ ಪಾಚಿ ಮತ್ತು ಎಳೆಸಸಿಗಳು ಹುಟ್ಟಿರಬೇಕು, ಬೇರುಸಮೇತ ಉರುಳಿದ ಮರ ಎಬ್ಬಿಸಿದ ಗುಂಡಿ ಮತ್ತು ದಿಬ್ಬಗಳಿಂದ ನೆಲವೇ ಏರುತಗ್ಗಾಗಿರಬೇಕು. ನೇಗಿಲು ನೂರು ವರ್ಷ ಸಮಮಾಡಿದ ನೆಲಕ್ಕೆ ಆ ಏರುತಗ್ಗು ಮರಳಬೇಕಾದರೆ ಮರ ಬೆಳೆದರೆ ಸಾಲದು, ಬೆಳೆದು ಮುದಿಯಾಗಿ ಬೀಳಲೂಬೇಕು. ಐನೂರು ವರ್ಷ ಬೇಕಾಗುವುದು ಹೀಗೆ.

ಸದ್ಯಕ್ಕೆ ಅಲ್ಲಿರುವುದು ಎಳೆಯ ಮೇಪಲ್, ಬಿಳಿ ಪೈನ್, ಸೀಡರ್, ನಡುನಡುವೆ ಒಣಗಿ ನಿಂತ ಆ್ಯಶ್ ಮರಗಳು. ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆಯ ಮರಿಹುಳುಗಳು ತೊಗಟೆಯ ಕೆಳಗೆ ಸುರಂಗ ಕೊರೆದು ಈ ಪ್ರಾಂತ್ಯದ ಆ್ಯಶ್ ಮರಗಳನ್ನು ಸಾಲುಸಾಲಾಗಿ ಕೊಂದಿವೆ. ನೆಲದ ಮಟ್ಟದಲ್ಲಿ ಬಕ್‌ಥಾರ್ನ್ ಎಂಬ ಯುರೋಪಿನ ಪೊದೆಯ ಕಾಟ. ಬೇಲಿಗೆಂದು ವಲಸಿಗರು ತಂದ ಈ ಗಿಡ ಉಳಿದೆಲ್ಲವುಗಳಿಗಿಂತ ಮೊದಲು ಚಿಗುರಿ, ಎಲ್ಲಕ್ಕಿಂತ ಕೊನೆಗೆ ಎಲೆ ಉದುರಿಸಿ, ಸ್ಥಳೀಯ ಸಸಿಗಳಿಗೆ ಬಿಸಿಲೇ ಸಿಗದಂತೆ ಮಾಡುತ್ತದೆ. ನಾವೂ ಒಂದು ಗಂಟೆ ಬಕ್‌ಥಾರ್ನ್ ಕಿತ್ತೆವು. ಕಿತ್ತದ್ದು ಎಷ್ಟೆಂದು ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಜೆಸ್ವಿಟರು 2019ರಲ್ಲಿ ಮುಂದಿನ ಹತ್ತು ವರ್ಷಗಳಿಗೆ ಇಟ್ಟುಕೊಂಡ ನಾಲ್ಕು ಆದ್ಯತೆಗಳಲ್ಲಿ ಒಂದು, ನಮ್ಮೆಲ್ಲರ ಮನೆಯಾದ ಭೂಮಿಯ ಆರೈಕೆ. ಇನ್ನೊಂದು, ಬಡವರ ಮತ್ತು ಹೊರದೂಡಲ್ಪಟ್ಟವರ ಜೊತೆ ನಡೆಯುವುದು. ಮೊದಲನೆಯದಕ್ಕೆ ಗ್ವೆಲ್ಫ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಾನೂ ತಟ್ಟಿದೆ. ಆದರೆ ಈ ನೆಲ ಯಾರದಾಗಿತ್ತು ಎಂದು ಕೇಳಿದೊಡನೆ ಎರಡನೆಯದು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಇದು ಮಿಸಿಸಾಗ ಎಂಬ ಮೂಲನಿವಾಸಿ ಜನರ ಪಾರಂಪರಿಕ ನೆಲ. ಬಕ್‌ಥಾರ್ನ್ ತಂದ ಹಡಗುಗಳಂಥವೇ ಪಾದ್ರಿಗಳನ್ನೂ ತಂದವು. ಹೀಗೆಂದು ನಾನು ಗೊಣಗಿದಾಗ ಆಕೆ ಸಿಟ್ಟಾಗಲಿಲ್ಲ. "ಅದಕ್ಕೆ ಉತ್ತರ ಇಲ್ಲಿಲ್ಲ, ಉತ್ತರಕ್ಕೆ ಹೋಗಿ" ಎಂದರು. ಅವರ ಇಂಗ್ಲಿಷಿನಲ್ಲಿ ಇಲ್ಲದ ಶ್ಲೇಷೆಯೊಂದು ನನ್ನ ಕನ್ನಡದ ಕಿವಿಗೆ ಕೇಳಿಸಿತು.

ಮೂರನೆಯ ದಿನ, ಸೆಪ್ಟೆಂಬರ್ 27: ಮಿಡ್‌ಲ್ಯಾಂಡ್

ಮಿಡ್‌ಲ್ಯಾಂಡ್ ಪಟ್ಟಣದ ಬಳಿ, ವೈ ನದಿಯ ದಡದಲ್ಲಿ, ಮರದ ಕಂಬಗಳ ಎತ್ತರದ ಬೇಲಿಯೊಳಗೆ ಸೇಂತ್ ಮರೀ ನೆಲೆ ಇದೆ. ವೆಂಡಾಟ್ ಎಂಬ ಮೂಲನಿವಾಸಿ ಜನರ ನಡುವೆ, ಫ್ರೆಂಚರು ಹ್ಯೂರನ್ ಎಂದು ಕರೆದವರ ನಡುವೆ, ಜೆಸ್ವಿಟರು 1639ರಲ್ಲಿ ಇದನ್ನು ಕಟ್ಟಿದರು. 1649ರಲ್ಲಿ ತಾವೇ ಬೆಂಕಿಯಿಟ್ಟು ಸುಟ್ಟರು. ಈಗ ನಾವು ನೋಡುವುದು ಉತ್ಖನನದ ಆಧಾರದ ಮೇಲೆ 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಅದು ಗೊತ್ತಿದ್ದರೂ ಕಮ್ಮಾರನ ಕುಲುಮೆಯ ಹೊಗೆ ಮೂಗಿಗೆ ಬಡಿದಾಗ ನಂಬುವ ಆಸೆಯಾಗುತ್ತದೆ.

ಇಲ್ಲಿನ ಒಂದು ಅರ್ಧ ಸೇಂತ್ ಮರೀಯ ಪಾದ್ರಿಗಳದ್ದು, ಇನ್ನೊಂದು ಅರ್ಧ ವೆಂಡಾಟರ ಉದ್ದಮನೆಯದ್ದು. ಬಾಗಿಸಿದ ಎಳೆಮರಗಳ ಚೌಕಟ್ಟಿಗೆ ಸೀಡರ್ ತೊಗಟೆ ಹೊದಿಸಿ, ಮಧ್ಯದಲ್ಲಿ ಸಾಲಾಗಿ ಒಲೆಗಳನ್ನಿಟ್ಟು, ಹಲವು ಕುಟುಂಬಗಳು ಒಂದೇ ಸೂರಿನಡಿ ಬಾಳುತ್ತಿದ್ದ ಮನೆ ಅದು. ಮುಸುಕಿನ ಜೋಳ, ಹುರುಳಿಕಾಯಿ ಮತ್ತು ಕುಂಬಳವನ್ನು ಒಂದೇ ದಿಬ್ಬದಲ್ಲಿ ಬೆಳೆಯುತ್ತಿದ್ದರು. ಜೋಳದ ದಂಟು ಬಳ್ಳಿಗೆ ಆಸರೆ, ಹುರುಳಿಯ ಬೇರು ಮಣ್ಣಿಗೆ ಸಾರ, ಕುಂಬಳದ ಎಲೆ ತೇವಕ್ಕೆ ಕಾವಲು. ಮಣ್ಣು ಸೋತಾಗ ಇಡೀ ಊರನ್ನೇ ಬೇರೆಡೆಗೆ ಎಬ್ಬಿಸಿಕೊಂಡು ಹೋಗುತ್ತಿದ್ದರು. ನೆಲದ ಆರೈಕೆಯ ಬಗ್ಗೆ ಯಾರಾದರೂ ಯಾರಿಗಾದರೂ ಪಾಠ ಹೇಳಬೇಕಾಗಿದ್ದರೆ ಅದು 17ನೇ ಶತಮಾನದಲ್ಲಿ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹರಿಯಬೇಕಿತ್ತು ಎಂಬುದು ಆ ಹೊಲದ ಮುಂದೆ ನಿಂತರೆ ತಿಳಿಯುತ್ತದೆ.

ಪಾದ್ರಿಗಳ ಮುಖ್ಯಸ್ಥರಲ್ಲಿ ಒಬ್ಬರಾದ ಜ್ಯಾಂ ದ ಬ್ರೆಬೆಫ್ ಭಾಷೆ ಕಲಿತವರು, ವೆಂಡಾಟ್ ಮಾತಿನಲ್ಲೇ ಕ್ರಿಸ್ತ ಜಯಂತಿಯ ಹಾಡು ಕಟ್ಟಿದರೆಂದು ಹೆಸರಾದವರು. ಮುಂದೆ ಬರುವ ಪಾದ್ರಿಗಳಿಗೆಂದು 1637ರಲ್ಲಿ ಅವರು ಬರೆದ ಸೂಚನೆಗಳಲ್ಲಿ ದೇವಶಾಸ್ತ್ರಕ್ಕಿಂತ ದೋಣಿಯ ವಿಚಾರವೇ ಹೆಚ್ಚು. ದೋಣಿ ಹತ್ತುವಾಗ ಜನರನ್ನು ಕಾಯಿಸಬೇಡಿ. ನಿಲುವಂಗಿಯನ್ನು ಮೇಲೆ ಕಟ್ಟಿ, ಬರಿಗಾಲಲ್ಲಿ ಇಳಿಯಿರಿ, ನೀರನ್ನೂ ಮರಳನ್ನೂ ಒಳಗೆ ತರಬೇಡಿ. ನಿಮ್ಮ ಅಗಲವಾದ ಟೋಪಿ ಹಿಂದೆ ಕುಳಿತವರಿಗೆ ಅಡ್ಡವಾಗುತ್ತದೆ, ರಾತ್ರಿಯ ಕುಲಾವಿಯನ್ನೇ ಹಾಕಿಕೊಳ್ಳಿ. ಅವರು ಕೊಟ್ಟದ್ದನ್ನು ಉಣ್ಣಿ. ಕೊನೆಯತನಕ ಹಾಕುವ ಮನಸ್ಸಿಲ್ಲದಿದ್ದರೆ ಹುಟ್ಟನ್ನು ಕೈಗೆ ತೆಗೆದುಕೊಳ್ಳಲೇಬೇಡಿ. ಬಿರ್ಚ್ ತೊಗಟೆಯ ದೋಣಿಯಲ್ಲಿ ವಾರಗಟ್ಟಲೆ ಮಂಡಿ ಮಡಿಸಿ ಕುಳಿತವನಿಗೆ ಮಾತ್ರ ಹೊಳೆಯುವ ಮಾತುಗಳಿವು. ಅತಿಥಿ ಅತಿಥಿಯಾಗಿರುವುದು ಹೇಗೆ ಎಂದು ಅವರಿಗೆ ಗೊತ್ತಿತ್ತು.

ಆದರೆ ಗೊತ್ತಿದ್ದದ್ದು ಸಾಲಲಿಲ್ಲ. ಪಾದ್ರಿಗಳ ಮತ್ತು ವ್ಯಾಪಾರಿಗಳ ಓಡಾಟದೊಂದಿಗೆ ಸಿಡುಬು ಮತ್ತಿತರ ರೋಗಗಳು ಬಂದವು. 1634ರಿಂದ 1640ರೊಳಗೆ ವೆಂಡಾಟರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ದೀಕ್ಷಾಸ್ನಾನ ಪಡೆದವರು ಸಾಯುತ್ತಿದ್ದಾರೆ, ಕಪ್ಪು ನಿಲುವಂಗಿಯವರು ಮಾತ್ರ ಬದುಕುತ್ತಿದ್ದಾರೆ ಎಂದು ಕಂಡ ಜನ ಅವರನ್ನು ಮಾಟಗಾರರೆಂದು ಶಂಕಿಸಿದ್ದರಲ್ಲಿ ಆಶ್ಚರ್ಯವೇನಿದೆ? ಕ್ರೈಸ್ತರಾದವರು ಮತ್ತು ಆಗದವರು ಎಂದು ಊರುಗಳು ಒಡೆದವು. ತುಪ್ಪಳದ ವ್ಯಾಪಾರಕ್ಕಾಗಿ ಹಗೆ ಬೆಳೆದು, ಇರೊಕ್ವಾ ಎಂದೂ ಕರೆಯುವ ಹೊಡೆನೊಶೋನಿ ಮೂಲನಿವಾಸಿ ಒಕ್ಕೂಟದ ಪಡೆಗಳು ದಾಳಿಯಿಟ್ಟವು. 1649ರ ಮಾರ್ಚಿನಲ್ಲಿ ಬ್ರೆಬೆಫ್ ಮತ್ತು ಗೇಬ್ರಿಯಲ್ ಲಾಲ್ಮಾಂ ಚಿತ್ರಹಿಂಸೆಗೊಳಗಾಗಿ ಸತ್ತರು. ಕೆಲವೇ ತಿಂಗಳಲ್ಲಿ ನೆಲೆಯನ್ನು ಸುಟ್ಟು ಉಳಿದವರೆಲ್ಲ ಹತ್ತಿರದ ದ್ವೀಪವೊಂದಕ್ಕೆ ಓಡಿದರು. ಆ ಚಳಿಗಾಲದಲ್ಲಿ ಅಲ್ಲಿ ಹಸಿವಿನಿಂದ ಸತ್ತ ವೆಂಡಾಟರಿಗೆ ಗುಡ್ಡದ ಮೇಲಿನ ಹುತಾತ್ಮರ ದೇಗುಲದಲ್ಲಿ ಪಾದ್ರಿಗಳಿಗಿರುವಷ್ಟು ದೊಡ್ಡ ಜಾಗ ನನಗೆ ಕಾಣಲಿಲ್ಲ. ಬ್ರೆಬೆಫ್ ಮತ್ತು ಸಂಗಡಿಗರು 1930ರಲ್ಲಿ ಸಂತರೆನಿಸಿಕೊಂಡರು. ಉಳಿದ ವೆಂಡಾಟರಲ್ಲಿ ಒಂದು ಗುಂಪಿನ ವಂಶಸ್ಥರು ಕ್ವಿಬೆಕ್ ನಗರದ ಬಳಿಯ ವೆಂಡಾಕೆಯಲ್ಲಿದ್ದಾರೆ.

ಅದೇ ದೇಗುಲದ ಬಯಲಿನಲ್ಲಿ 1984ರ ಸೆಪ್ಟೆಂಬರ್ 15ರಂದು ಪೋಪ್ ಎರಡನೆಯ ಜಾನ್ ಪಾಲ್ ಮೂಲನಿವಾಸಿಗಳ ಮುಂದೆ ನಿಂತು, ಕ್ರಿಸ್ತನು ತನ್ನ ದೇಹದ ಅಂಗಗಳಲ್ಲಿ ತಾನೇ ಇಂಡಿಯನ್, ಅಂದರೆ ಇಲ್ಲಿನ ಮೂಲನಿವಾಸಿ, ಎಂಬ ಅರ್ಥದ ಮಾತನ್ನು ಆಡಿದರು. ಇಲ್ಲಿಂದಲೇ 2017ರ ಜುಲೈ 21ರಂದು ಜೆಸ್ವಿಟರು, ಮೂಲನಿವಾಸಿಗಳು ಮತ್ತು ಇತರರು ಸೇರಿದ ಮೂವತ್ತರಷ್ಟು ಜನ ದೋಣಿಗಳಲ್ಲಿ ಹೊರಟು, ಹಳೆಯ ವ್ಯಾಪಾರದ ಜಲಮಾರ್ಗದಲ್ಲಿ ಸುಮಾರು 850 ಕಿಲೋಮೀಟರ್ ಹುಟ್ಟು ಹಾಕಿ, ಆಗಸ್ಟ್ 15ಕ್ಕೆ ಮಾಂಟ್ರಿಯಲ್ ಕಡೆ ಮುಟ್ಟಿದರು. ಒಂದೇ ದೋಣಿಯಲ್ಲಿ ಬೆನ್ನು ನೋಯಿಸಿಕೊಂಡು ಕುಳಿತರೆ ಸಭಾಂಗಣದಲ್ಲಿ ಆಡಲಾಗದ ಮಾತುಗಳು ಬಾಯಿಗೆ ಬರುತ್ತವೆ ಎಂಬುದು ಆ ಯಾತ್ರೆಯ ನಂಬಿಕೆ. ನನಗೆ ಆ ನಂಬಿಕೆ ಒಪ್ಪಿಗೆಯಾಗುತ್ತದೆ.

ನಾಲ್ಕನೆಯ ದಿನ, ಸೆಪ್ಟೆಂಬರ್ 28: ಬಂಡೆಗಳ ದಾರಿ

ಇಡೀ ದಿನ ಕಾರು. ಫ್ರೆಂಚ್ ನದಿಯ ಸೇತುವೆಯ ಬಳಿ ನಿಂತು ಬುತ್ತಿ ತಿಂದೆವು. ಸಡ್‌ಬರಿಯಲ್ಲಿ ನಿಕಲ್ ಕಾಯಿಸುವ ಕುಲುಮೆಗಳ ಗಂಧಕದ ಹೊಗೆ ದಶಕಗಳ ಕಾಲ ಬೆಟ್ಟಗಳನ್ನು ಬೋಳಿಸಿ ಬಂಡೆಯನ್ನೇ ಕರಿಯಾಗಿಸಿತ್ತು. 1978ರಿಂದ ಹುಳಿಯಾದ ಮಣ್ಣಿಗೆ ಸುಣ್ಣದ ಕಲ್ಲಿನ ಪುಡಿ ಎರಚಿ ನೆಡುತ್ತ ಬಂದ ಮರಗಳ ಸಂಖ್ಯೆ 2022ರಲ್ಲಿ ಒಂದು ಕೋಟಿ ಮುಟ್ಟಿತು. ಗುಡ್ಡಗಳ ಮೇಲೆ ಈಗ ಪೈನ್ ಮರಗಳು ಒತ್ತಾಗಿವೆ, ಕರಿಬಂಡೆ ಮಾತ್ರ ನಡುನಡುವೆ ಇಣುಕುತ್ತದೆ.

ಎಸ್ಪನೋಲದ ಕಾಗದದ ಕಾರ್ಖಾನೆ 2023ರಲ್ಲಿ ನಿಂತುಹೋಗಿದ್ದರಿಂದ ಊರು ಮಂಕಾಗಿತ್ತು. ಅಲ್ಲಿಂದ ಸ್ವಲ್ಪ ದೂರದ ಆ್ಯಂಡರ್ಸನ್ ಸರೋವರದ ದಂಡೆಯಲ್ಲಿರುವ ಅನಿಶಿನಾಬೆ ಸ್ಪಿರಿಚುವಲ್ ಸೆಂಟರಿನಲ್ಲಿ ನಮ್ಮ ಬಿಡಾರ. ಅನಿಶಿನಾಬೆ ಎಂಬುದು ಈ ಭಾಗದ ಮೂಲನಿವಾಸಿಗಳ ಹೆಸರು.

ಐದನೆಯ ದಿನ, ಸೆಪ್ಟೆಂಬರ್ 29: ಮಿಚಿಗೀಂಗ್

ಈ ಕೇಂದ್ರವನ್ನು ಜೆಸ್ವಿಟರು ಆರಂಭಿಸಿದ್ದು ಅನಿಶಿನಾಬೆ ಸಮುದಾಯದವರನ್ನೇ ಡೀಕನ್‌ಗಳಾಗಿ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಧರ್ಮಸೇವಕರಾಗಿ), ತಮ್ಮ ಊರಿನ ಧರ್ಮಕೇಂದ್ರದ ಮುಂದಾಳುಗಳಾಗಿ ಸಿದ್ಧಪಡಿಸುವುದಕ್ಕೆ. ಭಾನುವಾರದ ಬೆಳಿಗ್ಗೆ ದಕ್ಷಿಣಕ್ಕೆ ಹೊರಟು, ಲಕ್ಲೋಶ್ ಬೆಟ್ಟಗಳ ಬಿಳಿ ಬಂಡೆಗಳನ್ನು ದಾಟಿ, ಲಿಟ್ಲ್ ಕರೆಂಟಿನ ತಿರುಗುಸೇತುವೆಯ ಮೇಲೆ ಮ್ಯಾನಿಟೂಲಿನ್ ದ್ವೀಪಕ್ಕೆ ಕಾಲಿಟ್ಟೆವು. 1913ರಲ್ಲಿ ರೈಲಿಗಾಗಿ ಕಟ್ಟಿದ ಈ ಸೇತುವೆ, ಬೇಸಿಗೆಯಲ್ಲಿ ಹಗಲು ಹೊತ್ತು ಗಂಟೆಗೊಮ್ಮೆ ತಿರುಗಿ ದೋಣಿಗಳಿಗೆ ದಾರಿ ಬಿಡುತ್ತದೆ. ಆಗ ಕಾರುಗಳು ಹದಿನೈದು ನಿಮಿಷ ಕಾಯಬೇಕು. ಸಿಹಿನೀರಿನ ಸರೋವರದೊಳಗಿರುವ ದ್ವೀಪಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಮ್ಯಾನಿಟೂಲಿನ್. ಅದರೊಳಗೆ ನೂರಕ್ಕೂ ಹೆಚ್ಚು ಸರೋವರಗಳಿವೆ.

ದ್ವೀಪದ ಅನಿಶಿನಾಬೆ ಊರಾದ ಮಿಚಿಗೀಂಗಿನ ಅಮಲೋದ್ಭವ ಮಾತೆಯ ಚರ್ಚು ದುಂಡಗಿದೆ. ಹಳೆಯದು 1971ರಲ್ಲಿ ಅನಿಲ ಸ್ಫೋಟದಲ್ಲಿ ನಾಶವಾದ ಮೇಲೆ ಟೀಪಿ ಗುಡಾರದ ನೆನಪು ತರುವಂತೆ ಇದನ್ನು ಕಟ್ಟಿದರು. ನೆಲದ ಮಟ್ಟದಿಂದ ಕೆಳಗೆ ಇಳಿದರೆ, ಒಲೆಯ ಸುತ್ತ ಕುಳಿತಂತೆ ಪೂಜಾಪೀಠದ ಸುತ್ತ ಜನ ಕೂರುತ್ತಾರೆ. ಗೋಡೆಯ ಮೇಲೆ ಅನಿಶಿನಾಬೆ ಕಲಾವಿದ ಲೀಲಂಡ್ ಬೆಲ್ ಬರೆದ ಶಿಲುಬೆ ಹಾದಿಯ ಚಿತ್ರಗಳಿವೆ. ಹಿಂದಿನ ಸಾಲು ಎಂಬುದೇ ಇಲ್ಲದ ಈ ಚರ್ಚಿನಲ್ಲಿ ಅಡಗಿ ಕೂರುವ ಅಭ್ಯಾಸವಿರುವ ನನ್ನಂಥವನಿಗೆ ಕಷ್ಟವಾಯಿತು. ಬಲಿಪೂಜೆಗೆ ಮೊದಲು ಒಬ್ಬ ಹಿರಿಯರು ಚಿಪ್ಪಿನಲ್ಲಿ ಸೇಜ್ ಎಲೆಗಳನ್ನು ಹೊತ್ತಿಸಿ ಹದ್ದಿನ ಗರಿಯಿಂದ ಹೊಗೆ ಬೀಸುತ್ತ ಒಬ್ಬೊಬ್ಬರ ಬಳಿಗೂ ಬಂದರು. ಜನ ಎರಡೂ ಕೈಗಳಿಂದ ಆ ಹೊಗೆಯನ್ನು ಮುಖಕ್ಕೆ, ತಲೆಗೆ, ಎದೆಗೆ ತಂದುಕೊಂಡರು. ಧೂಪಾರತಿಯ ಮುಂದೆ ಬೆಳೆದ ನನ್ನ ಕೈಗಳು ಯಾರೂ ಹೇಳಿಕೊಡದೆಯೇ ಅದನ್ನು ಮಾಡಿದವು.

ತಂಬಾಕು, ಸೇಜ್, ಸೀಡರ್, ಸುಗಂಧ ಹುಲ್ಲು ಇವು ನಾಲ್ಕು ಪವಿತ್ರ ಮೂಲಿಕೆಗಳು. ಕೀಳುವ ಮುನ್ನ ನೆಲದ ಮೇಲೆ ಚಿಟಿಕೆ ತಂಬಾಕು ಇಟ್ಟು ಗಿಡಕ್ಕೆ ಕೃತಜ್ಞತೆ ಹೇಳುವುದು ಇಲ್ಲಿನ ರೂಢಿ. ಇದೆಲ್ಲವನ್ನೂ ಪೇಗನ್ ಎಂದು ಬೈದು ನಿಲ್ಲಿಸಿದ್ದವರು ಇದೇ ಸಭೆಯ ಹಿಂದಿನ ತಲೆಮಾರಿನವರು. ಹಾಗೆ ನಿಲ್ಲಿಸಿದ್ದನ್ನು ಈಗ ಒಳಗೆ ಕರೆದುಕೊಂಡಿರುವುದನ್ನು ಕೆಲವರು ಮರಳಿ ಬಂದ ಮಗುವಿನಂತೆ ನೋಡುತ್ತಾರೆ. ಊಟದ ಹೊತ್ತಿನಲ್ಲಿ ಒಬ್ಬ ಯುವಕ ಹೇಳಿದ್ದು ಬೇರೆ: "ನಮ್ಮದನ್ನು ನಮಗೆ ಕೊಡಲು ಇವರ ಅನುಮತಿ ಯಾಕೆ ಬೇಕು?" ಪಕ್ಕದಲ್ಲಿದ್ದ ವಯಸ್ಸಾದ ಪಾದ್ರಿ ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ, ತಲೆದೂಗಿ ಸೂಪು ಕುಡಿದರು. ಉತ್ತರ ಕೊಡದಿದ್ದುದಕ್ಕೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಆರನೆಯ ದಿನ, ಸೆಪ್ಟೆಂಬರ್ 30: ಸ್ಪ್ಯಾನಿಶ್

ಸತ್ಯ ಮತ್ತು ಸಮನ್ವಯದ ರಾಷ್ಟ್ರೀಯ ದಿನವನ್ನು ಕೆನಡ 2021ರಿಂದ ಈ ದಿನ ಆಚರಿಸುತ್ತಿದೆ. ಹೆದ್ದಾರಿ 17ರ ಮೇಲೆ ಪಶ್ಚಿಮಕ್ಕೆ ಹೋಗಿ ಸ್ಪ್ಯಾನಿಶ್ ಎಂಬ ಸಣ್ಣ ಊರಿಗೆ ಬಂದೆವು. ಮ್ಯಾನಿಟೂಲಿನ್ ದ್ವೀಪದ ವೀಕ್ವೆಮ್‌ಕೂಂಗಿನಲ್ಲಿದ್ದ ವಸತಿಶಾಲೆಯನ್ನು 1913ರಲ್ಲಿ ಇಲ್ಲಿಗೆ ಸಾಗಿಸಿದರು. ಹುಡುಗರ ಶಾಲೆ ಜೆಸ್ವಿಟರದ್ದು, ಹುಡುಗಿಯರದ್ದು ಸನ್ಯಾಸಿನಿಯರದ್ದು, ಹಣ ಸರ್ಕಾರದ್ದು. ಹುಡುಗರ ಶಾಲೆ 1958ರಲ್ಲಿ, ಹುಡುಗಿಯರದ್ದು 1962ರಲ್ಲಿ ಮುಚ್ಚಿತು. ದೇಶದುದ್ದಕ್ಕೂ ಇಂಥ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ತಂದು ಹಾಕಲಾಗಿತ್ತು. ಮಾತೃಭಾಷೆ ಆಡಿದರೆ ಶಿಕ್ಷೆ, ಅಣ್ಣತಂಗಿಯರು ಪರಸ್ಪರ ಮಾತಾಡದಂತೆ ಬೇರೆ ಬೇರೆ ಕಟ್ಟಡ. ಹಸಿವು, ರೋಗ, ಹೊಡೆತ, ಲೈಂಗಿಕ ದೌರ್ಜನ್ಯಗಳೆಲ್ಲ ಈ ಶಾಲೆಗಳ ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ಸಾಕ್ಷಿಯಾಗಿ ದಾಖಲಾಗಿವೆ. ಕ್ರಮ ಕೈಗೊಳ್ಳಿರೆಂದು ಆಯೋಗ 2015ರಲ್ಲಿ ಮುಂದಿಟ್ಟ ಕರೆಗಳು 94.

ಕೆನಡದ ಜೆಸ್ವಿಟರು 2023ರ ಮಾರ್ಚಿನಲ್ಲಿ, ಅಪ್ರಾಪ್ತರ ಮೇಲೆ ದೌರ್ಜನ್ಯ ಎಸಗಿದ ನಂಬಲರ್ಹ ಆರೋಪವಿರುವ ತಮ್ಮ 27 ಮಂದಿಯ ಹೆಸರುಗಳನ್ನು ತಾವೇ ಪ್ರಕಟಿಸಿದರು. ಹೆಚ್ಚಿನವರು ಆ ಹೊತ್ತಿಗೆ ಸತ್ತಿದ್ದರು. ಅದಕ್ಕೆ ಮೊದಲು, 2022ರ ಜುಲೈ 25ರಂದು, ಪೋಪ್ ಫ್ರಾನ್ಸಿಸ್ ಆಲ್ಬರ್ಟಾದ ಮಸ್ಕ್ವಾಚೀಸಿಗೆ ಬಂದು ಕ್ಷಮೆ ಕೇಳಿದ್ದರು. ಕಂಡುಹಿಡಿದ ನೆಲವೆಲ್ಲ ಕ್ರೈಸ್ತ ದೊರೆಗಳದ್ದೆಂಬ ಹಳೆಯ ವಾದವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ತಳ್ಳಿಹಾಕಿತು.

ಶಾಲೆಯ ಪಾಳುಗೋಡೆಗಳ ಕಡೆಗೆ, ಆ ಮಕ್ಕಳ ನೆನಪಿಗೆಂದು ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೆಲವರು ನಡೆದು ಬಂದರು. ಕಿಟಕಿಯ ತೂತುಗಳಲ್ಲಿ ಬಿರ್ಚ್ ಗಿಡಗಳು ಬೆಳೆದಿದ್ದವು. ನಾವು ರಸ್ತೆಯಲ್ಲೇ ನಿಂತೆವು, ಫೋಟೋ ತೆಗೆಯಲಿಲ್ಲ. ಗ್ವೆಲ್ಫ್‌ನಲ್ಲಿ ಕಾಡು ಮರಳುವುದನ್ನು ನೋಡಿ ಹಿಗ್ಗಿದ್ದವನಿಗೆ ಇಲ್ಲಿ ಕಟ್ಟಡದೊಳಗೆ ನುಗ್ಗಿದ ಕಾಡನ್ನು ಹೇಗೆ ನೋಡಬೇಕೆಂದು ತಿಳಿಯಲಿಲ್ಲ.

ಏಳನೆಯ ದಿನ, ಅಕ್ಟೋಬರ್ 1: ವೀಕ್ವೆಮ್‌ಕೂಂಗ್

ಮ್ಯಾನಿಟೂಲಿನ್ ದ್ವೀಪದ ಪೂರ್ವದ ತುದಿಯ ಈ ಊರಿನ ಫಲಕದಲ್ಲಿ ಹೆಸರಿನ ಜೊತೆಗೇ ಇದು ಬಿಟ್ಟುಕೊಡದ ನೆಲ ಎಂದು ಬರೆದಿದೆ. 1862ರಲ್ಲಿ ಸರ್ಕಾರ ದ್ವೀಪವನ್ನು ವಲಸಿಗರಿಗೆ ತೆರೆಯಲು ಒಪ್ಪಂದ ಮಾಡಿಸಿದಾಗ ಇಲ್ಲಿನ ಮುಖಂಡರು ಸಹಿ ಹಾಕಲಿಲ್ಲ. 1844ರಿಂದ ಇಲ್ಲಿದ್ದ ಜೆಸ್ವಿಟರೇ ಇವರಿಗೆ ಕುಮ್ಮಕ್ಕು ಕೊಟ್ಟರೆಂದು ಆಗಿನ ಅಧಿಕಾರಿಗಳು ದೂರಿದರು. ಬೇಡ ಎನ್ನುವುದಕ್ಕೆ ಅನಿಶಿನಾಬೆ ಜನರಿಗೆ ಪಾದ್ರಿ ಬೇಕೇ ಎಂಬ ಪ್ರಶ್ನೆ ಆ ಅಧಿಕಾರಿಗಳಿಗೆ ಹೊಳೆದಂತಿಲ್ಲ. ಆದರೂ ನೆಲ ಉಳಿಸುವ ವಿಷಯದಲ್ಲಿ ಪಾದ್ರಿಗಳು ಇವರ ಕಡೆ ನಿಂತಿದ್ದರೆಂಬುದೂ, ಅದೇ ಸಭೆ ಇವರ ಮಕ್ಕಳನ್ನು ಸ್ಪ್ಯಾನಿಶಿಗೆ ಕೊಂಡೊಯ್ದಿತೆಂಬುದೂ ಈ ಊರಿನಲ್ಲಿ ಒಂದೇ ಉಸಿರಿನಲ್ಲಿ ಕೇಳಿಬರುತ್ತದೆ.

ಸುಣ್ಣಕಲ್ಲಿನ ಪವಿತ್ರ ಶಿಲುಬೆಯ ಚರ್ಚಿನ ಪಕ್ಕದಲ್ಲಿ ಬೆಂಕಿಗೆ ಸಿಕ್ಕ ಹಳೆಯ ಕಟ್ಟಡದ ಗೋಡೆಗಳು ಸೂರಿಲ್ಲದೆ ನಿಂತಿವೆ. ಬೇಸಿಗೆಯಲ್ಲಿ ಅದರೊಳಗೆ ಇಲ್ಲಿನ ರಂಗತಂಡ ನಾಟಕವಾಡುತ್ತದೆ. ಅಲ್ಲಿ ಸಿಕ್ಕ ಅಜ್ಜಿಯೊಬ್ಬರು ನಮ್ಮನ್ನು ಕೊಲ್ಲಿಯ ದಡಕ್ಕೆ ಕರೆದುಕೊಂಡು ಹೋದರು. ಅನಿಶಿನಾಬೆ ಸಂಪ್ರದಾಯದಲ್ಲಿ ನೀರಿನ ಹೊಣೆ ಹೆಂಗಸರದ್ದು. ಇದೇ ಊರಿನಲ್ಲಿ ಹುಟ್ಟಿದ ಜೋಸೆಫೀನ್ ಮಂಡಾಮಿನ್ 2003ರಲ್ಲಿ ತಾಮ್ರದ ಬಿಂದಿಗೆಯಲ್ಲಿ ನೀರು ಹಿಡಿದು ಸುಪೀರಿಯರ್ ಸರೋವರವನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಮುಂದೆ ಐದೂ ಮಹಾಸರೋವರಗಳನ್ನು ಸುತ್ತಿ, 2019ರಲ್ಲಿ ತೀರಿಕೊಂಡರು. ಅದೇ ಕುಟುಂಬದ, ಇದೇ ಊರಿನ ಆಟಮ್ ಪೆಲ್ಟಿಯೆ ಹದಿಹರೆಯದಲ್ಲೇ ವಿಶ್ವಸಂಸ್ಥೆಯಲ್ಲಿ ನೀರಿನ ಪರ ಮಾತಾಡಿದಳು. ಕೆನಡದ ಹಲವು ಮೂಲನಿವಾಸಿ ಊರುಗಳಲ್ಲಿ ಇಂದಿಗೂ ನಲ್ಲಿಯ ನೀರನ್ನು ಕುದಿಸದೆ ಕುಡಿಯುವಂತಿಲ್ಲ ಎಂಬ ಸಂಗತಿ ಆ ಮಾತಿನ ಹಿಂದಿದೆ.

ಪಾದ್ರಿಗಳು ಈಗ ಭೂಮಿಯ ಆರೈಕೆಯ ಬಗ್ಗೆ ಬಹಳ ಹೇಳುತ್ತಾರಲ್ಲ, ಅದು ನಿಮಗೆ ಹೇಗನ್ನಿಸುತ್ತದೆ ಎಂದು ಅಜ್ಜಿಯನ್ನು ಕೇಳಿದೆ. ಅವರು ನೀರಿಗೆ ಚಿಟಿಕೆ ತಂಬಾಕು ಬಿಟ್ಟು, ಅದು ತೇಲಿ ಹೋಗುವವರೆಗೆ ಸುಮ್ಮನಿದ್ದರು. ಆಮೇಲೆ, "ತಡವಾಗಿ ಬಂದಿದ್ದಾರೆ. ಆದರೂ ಬಂದಿದ್ದಾರೆ. ಎಷ್ಟು ದಿನ ಇರುತ್ತಾರೋ ನೋಡಬೇಕು, ಮಗಾ" ಎಂದರು. ಪಾದ್ರಿಗಳ ಸಂಖ್ಯೆ ಕಡಿಮೆಯಾಗುತ್ತಿದೆ, ಒಬ್ಬೊಬ್ಬರು ಹಲವು ಊರುಗಳನ್ನು ನೋಡಿಕೊಳ್ಳುತ್ತಾರೆ. ಆದ್ದರಿಂದ ಅವರ ಮಾತು ಕೊಂಕಾಗಿ ನನಗೆ ಕೇಳಿಸಲಿಲ್ಲ. ಬ್ರೆಬೆಫ್ ಬರೆದಿಟ್ಟ ದೋಣಿಯ ನಿಯಮವನ್ನು ಅವರಿಗೆ ಹೇಳಿದೆ. ಅಜ್ಜಿ ಬಾಯ್ತುಂಬ ನಕ್ಕು, ಮೊದಲು ನನ್ನ ಬೂಟಿನ ಕಡೆ, ಆಮೇಲೆ ಗೆಳೆಯರ ಬೂಟಿನ ಕಡೆ ನೋಡಿದರು. ಅವರು ಬರಿಗಾಲಲ್ಲಿ ನೀರಿನೊಳಗೆ ನಿಂತಿದ್ದರು.

ಎಂಟನೆಯ ದಿನ, ಅಕ್ಟೋಬರ್ 2: ಹಡಗು

ಸೌತ್ ಬೇಮೌತಿನಿಂದ ಟೊಬರ್ಮರಿಗೆ ಹೋಗುವ ಹಡಗಿನ ಹೆಸರು ಚಿ-ಚೀಮಾನ್, ಅಂದರೆ ದೊಡ್ಡ ದೋಣಿ. ಕಾರುಗಳನ್ನು ಅದರ ಹೊಟ್ಟೆಯೊಳಗೆ ನಿಲ್ಲಿಸಿ ಜನ ಮೇಲಿನ ಅಟ್ಟಕ್ಕೆ ಹತ್ತುತ್ತಾರೆ. ಎರಡು ಗಂಟೆಯಷ್ಟು ಹೊತ್ತಿನ ಈ ದಾರಿಯಲ್ಲಿ ಪ್ರಯಾಣಿಕರು ಹುಟ್ಟು ಹಾಕುವ ಕೆಲಸವಿಲ್ಲ. ದ್ವೀಪ ಹಿಂದೆ ಸರಿದು ಗೆರೆಯಾಗುವವರೆಗೂ ಗೆಳೆಯರು ನಿಂತು ನೋಡಿದರು. ನಾನು ಬೆಂಚಿನ ಮೇಲೆ ಕುಳಿತು ಕಾಲು ಚುಚ್ಚುತ್ತಿದೆಯೆಂದು ಬೂಟು ಬಿಚ್ಚಿದೆ. ವೀಕ್ವೆಮ್‌ಕೂಂಗಿನ ದಡದ ಮರಳು ಅಟ್ಟದ ಮೇಲೆ ಸುರಿಯಿತು.